ಸೈಕೆಡೆಲಿಕ್ಸ್ ಬಗ್ಗೆ ಒಂದು ಆನ್‌ಲೈನ್ ಕೋರ್ಸ್ ಮುಗಿಸಿದೆ: ದುಡ್ಡಿಗೆ ಮೋಸ ಇಲ್ಲ, ಆದ್ರೆ ಎಲ್ರಿಗೂ ಅಲ್ಲ

ಸೈಕೆಡೆಲಿಕ್ಸ್ ಅಂದ್ರೆ ಮನಸ್ಸಿನ ಅನುಭವನೇ ಕೆಲ ಗಂಟೆ ಬದಲಾಯಿಸಿಬಿಡೋ ಎಲ್‌ಎಸ್‌ಡಿ, ಕೆಲವು ಅಣಬೆ ಇಂಥ ಮದ್ದುಗಳು. ಮೊದಲೇ ಹೇಳ್ಬಿಡ್ತೀನಿ, ಕೌನ್ಸೆಲಿಂಗ್, ಸೈಕಿಯಾಟ್ರಿ, ನರ್ಸಿಂಗ್, ಸೋಶಿಯಲ್ ವರ್ಕ್ ಇಂಥ ಕೆಲಸದಲ್ಲಿರೋರು, ಫಿಲಾಸಫಿ ಓದ್ಕೊಂಡಿರೋರು, ಇಲ್ಲಾ ಮನೇಲಿ ಯಾರಿಗೋ ವರ್ಷಗಟ್ಲೆ ಡಿಪ್ರೆಶನ್ ಇದ್ದು "ಅಣಬೆ ತಿಂದ್ರೆ ಡಿಪ್ರೆಶನ್ ಮಾಯ" ಅನ್ನೋ ಥರದ ವಾಟ್ಸಾಪ್ ಫಾರ್ವರ್ಡ್ ನೋಡಿ ತಲೆ ಕೆಡಿಸ್ಕೊಂಡಿರೋರು, ನಿಮಗೆ ಇದು ನಿಜವಾಗ್ಲೂ ಉಪಯೋಗಕ್ಕೆ ಬರುತ್ತೆ. ಇವನ್ನ ತಗೊಂಡು ಟ್ರಿಪ್ ಮಾಡೋದು ಹೇಗೆ ಅಂತ ಕಲಿಯೋಕೆ ಬರೋರಿಗೆ ಇಲ್ಲಿ ಏನೂ ಸಿಗಲ್ಲ, ಸಿಗದೆ ಇರೋದೇ ಒಳ್ಳೇದು. ನಾನು ಮೈಸೂರಲ್ಲಿ ಕೌನ್ಸೆಲಿಂಗ್ ಮಾಡ್ತೀನಿ, ಈ ನಡುವೆ ಬರೋ ಹುಡುಗ ಹುಡುಗೀರಲ್ಲಿ ಕೊಡೈಕನಾಲಲ್ಲೋ ಹಿಮಾಚಲದಲ್ಲೋ ಅಣಬೆ ತಿಂದು ಬಂದೆ ಅನ್ನೋರು ಇರ್ತಾರೆ, ಅವರ ಮಾತು ಕೇಳೋವಾಗ ಬರೀ ಬುದ್ಧಿ ಹೇಳಿ ಕಳಿಸೋದಲ್ಲ, ವಿಷಯ ಗೊತ್ತಿರ್ಬೇಕು ಅನ್ನಿಸಿ ಸೇರಿದ್ದು.

ಕೋರ್ಸ್ ಏನು ಅಂದ್ರೆ ಹೊರದೇಶದ ಒಂದು ಯೂನಿವರ್ಸಿಟಿಯವರು ಆನ್‌ಲೈನಲ್ಲಿ ನಡೆಸೋ ಸರ್ಟಿಫಿಕೇಟ್ ಕೋರ್ಸು. ಎಲ್‌ಎಸ್‌ಡಿ, ಸೈಲೋಸಿಬಿನ್ ಇರೋ ಅಣಬೆ, ಮೆಸ್ಕಲಿನ್ ಇರೋ ಪೆಯೋಟಿ ಕಳ್ಳಿ, ಅಮೆಜಾನ್ ಕಡೆಯ ಅಯಾಹುವಾಸ್ಕ ಕಷಾಯ, ಜೊತೆಗೆ ಸ್ವಲ್ಪ ಬೇರೆ ಥರ ಕೆಲಸ ಮಾಡೋ ಎಂಡಿಎಂಎ, ಕೆಟಮಿನ್, ಇಷ್ಟರ ಬಗ್ಗೆ ಪಾಠ. ಸೈನ್ಸ್, ಥೆರಪಿ, ಫಿಲಾಸಫಿ, ಕಲ್ಚರ್ ಅಂತ ನಾಲ್ಕು ಭಾಗ. ಹೆಸರು ಬೇಕಂತಲೇ ಹಾಕ್ತಿಲ್ಲ, ಕೆಳಗೆ ಒಂದೆರಡು ಕಡೆ ಕಂಪ್ಲೇಂಟ್ ಇದೆ. ಅದೂ ಅಲ್ದೆ ಈಗ ಇಂಥ ಕಡೆಗಳು ಸುಮಾರಿವೆ, ಜಾನ್ಸ್ ಹಾಪ್ಕಿನ್ಸ್ ಮತ್ತು ಲಂಡನ್ನಿನ ಇಂಪೀರಿಯಲ್ ಕಾಲೇಜು 2019ರಲ್ಲಿ ಇದಕ್ಕೇ ಅಂತ ರಿಸರ್ಚ್ ಸೆಂಟರ್ ತೆರೆದ್ರು, ಬರ್ಕ್ಲಿಯವರು 2020ರಲ್ಲಿ, ಇಂಗ್ಲೆಂಡಿನ ಎಕ್ಸೆಟರಲ್ಲಿ ಪೋಸ್ಟ್ ಗ್ರಾಜುಯೇಟ್ ಸರ್ಟಿಫಿಕೇಟೇ ಇದೆ. ನೀವು ಯಾವುದಕ್ಕೆ ಸೇರಿದ್ರೂ ಏನು ಸಿಗ್ಬೇಕು, ಏನು ಕೇಳ್ಬೇಕು ಅನ್ನೋದಕ್ಕೆ ಇದನ್ನ ಓದ್ಕೊಳಿ.

ನನಗೆ ಇಡೀ ಕೋರ್ಸಲ್ಲಿ ಅತಿ ಹಿಡಿಸಿದ್ದು ಒಂದೇ ಪ್ರಯೋಗನ ನಾಲ್ಕೂ ಭಾಗದಲ್ಲಿ ಮತ್ತೆ ಮತ್ತೆ ಮುಂದಿಟ್ಟು ಪಾಠ ಮಾಡಿದ್ದು. 1962ರ ಏಪ್ರಿಲ್ 20, ಗುಡ್ ಫ್ರೈಡೆ, ಅಮೆರಿಕದ ಬೋಸ್ಟನ್ ಯೂನಿವರ್ಸಿಟಿಯ ಮಾರ್ಷ್ ಚಾಪೆಲ್ ಅನ್ನೋ ಪ್ರಾರ್ಥನಾ ಮಂದಿರ. ಹಾರ್ವರ್ಡಲ್ಲಿ ಪಿಎಚ್‌ಡಿ ಮಾಡ್ತಿದ್ದ ವಾಲ್ಟರ್ ಪಾಂಕೆ ಅನ್ನೋ ಡಾಕ್ಟರು ಥಿಯಾಲಜಿ ಓದ್ತಿದ್ದ 20 ಜನ ಹುಡುಗರನ್ನ ನೆಲಮಾಳಿಗೆಯ ಸಣ್ಣ ಚಾಪೆಲಲ್ಲಿ ಕೂರಿಸಿದ್ರು, 10 ಜನಕ್ಕೆ ಸೈಲೋಸಿಬಿನ್, ಉಳಿದ 10 ಜನಕ್ಕೆ ನಿಕೋಟಿನಿಕ್ ಆಸಿಡ್, ಅಂದ್ರೆ ಮೈ ಬೆಚ್ಚಗಾಗಿ ಮುಖ ಕೆಂಪಾಗೋ ಹಾಗೆ ಮಾಡೋ ಒಂದು ವಿಟಮಿನ್ನು. ಮೇಲೆ ನಡೀತಿದ್ದ ಪ್ರಾರ್ಥನೆ, ಹೌವರ್ಡ್ ಥರ್ಮನ್ ಅವರ ಪ್ರವಚನ ಎಲ್ಲಾ ಸ್ಪೀಕರಲ್ಲಿ ಕೆಳಗೆ ಕೇಳ್ತಿತ್ತು (ಈ ಥರ್ಮನ್ 1936ರಲ್ಲಿ ಬಾರ್ಡೋಲಿಗೆ ಬಂದು ಗಾಂಧೀಜಿನ ಭೇಟಿ ಮಾಡಿದ್ದವರು, ಕೋರ್ಸಲ್ಲಿ ಇದನ್ನ ಹೇಳಲ್ಲ, ಹೇಳ್ಬೇಕಿತ್ತು). ಸೈಲೋಸಿಬಿನ್ ತಗೊಂಡ ಹೆಚ್ಚಿನವರಿಗೆ ದೊಡ್ಡ ಅನುಭಾವ ಆಯ್ತು, ಬರೀ ವಿಟಮಿನ್ ತಗೊಂಡವರಿಗೆ ಆ ಮಟ್ಟಕ್ಕೆ ಆಗ್ಲಿಲ್ಲ. ಇಷ್ಟನ್ನ ಯೂಟ್ಯೂಬ್ ವಿಡಿಯೋಗಳೂ ಹೇಳ್ತವೆ, "ವಿಜ್ಞಾನ ದೇವರನ್ನ ತೋರಿಸ್ತು" ಅಂತ ಥಂಬ್‌ನೇಲ್ ಹಾಕಿ ಮುಗಿಸ್ತಾರೆ. ಈ ಕೋರ್ಸ್ ಅಲ್ಲಿಂದ ಶುರು ಮಾಡುತ್ತೆ.

ಸೈನ್ಸ್ ಭಾಗದಲ್ಲಿ ಕೇಳಿದ ಪ್ರಶ್ನೆ, ಯಾರಿಗೆ ಏನು ಕೊಟ್ಟಿದ್ದಾರೆ ಅಂತ ಯಾರಿಗೂ ಗೊತ್ತಾಗ್ಬಾರ್ದು ಅಂತ ತಾನೇ ವಿಟಮಿನ್ ಕೊಟ್ಟಿದ್ದು, ಅದು ನಡೀತಾ? ನಡೀಲಿಲ್ಲ. ಸ್ವಲ್ಪ ಹೊತ್ತಿಗೇ ಅರ್ಧ ಜನ ಬೇರೆ ಲೋಕದಲ್ಲಿ, ಇನ್ನರ್ಧ ಜನ ಅವರನ್ನ ನೋಡ್ಕೊಂಡು ಕೂತಿದ್ರು, ಎಲ್ರಿಗೂ ಎಲ್ಲಾ ಗೊತ್ತಾಗೋಯ್ತು. ಈ ಬ್ಲೈಂಡಿಂಗ್ ಸಮಸ್ಯೆ ಇವತ್ತಿಗೂ ಬಗೆಹರಿದಿಲ್ಲ. ನನಗೆ ಮಾತ್ರೆ ಸಿಕ್ತು ಅಂತ ರೋಗಿಗೆ ಗೊತ್ತಾದ್ರೆ ವಾಸಿ ಆಗ್ತೀನಿ ಅನ್ನೋ ನಂಬಿಕೆನೇ ಅರ್ಧ ಕೆಲಸ ಮಾಡುತ್ತೆ, ಸಿಗ್ಲಿಲ್ಲ ಅಂತ ಗೊತ್ತಾದವರು ನಿರಾಸೆಯಿಂದ ಇನ್ನೂ ಕುಗ್ತಾರೆ, ಎರಡೂ ಸೇರಿ ಮದ್ದಿನ ಪರಿಣಾಮ ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತೆ. 2024ರ ಆಗಸ್ಟಲ್ಲಿ ಮದ್ದುಗಳಿಗೆ ಅನುಮತಿ ಕೊಡೋ ಅಮೆರಿಕದ ಎಫ್‌ಡಿಎ ಪಿಟಿಎಸ್‌ಡಿಗೆ (ದೊಡ್ಡ ಆಘಾತ ಆದ್ಮೇಲೆ ಬಿಡದೆ ಕಾಡೋ ಮಾನಸಿಕ ಕಾಯಿಲೆ) ಎಂಡಿಎಂಎ ಥೆರಪಿ ಬೇಡ ಅಂತ ವಾಪಸ್ ಕಳಿಸ್ತಲ್ಲ, ಅದಕ್ಕೂ ಮುಂಚೆ ಜೂನಲ್ಲಿ ಸಲಹಾ ಸಮಿತಿ ಪರಿಣಾಮ ಸಾಬೀತಾಗಿಲ್ಲ ಅಂತ 9-2ರಲ್ಲಿ, ಲಾಭಕ್ಕಿಂತ ಅಪಾಯದ ಲೆಕ್ಕ ಸರಿಹೋಗಲ್ಲ ಅಂತ 10-1ರಲ್ಲಿ ವೋಟ್ ಹಾಕಿತ್ತು, ಅಲ್ಲೂ ಎದ್ದ ದೊಡ್ಡ ಪ್ರಶ್ನೆಗಳಲ್ಲಿ ಇದೊಂದು. ಅರವತ್ತು ವರ್ಷ ಹಳೇ ಚಾಪೆಲ್ ನೆಲಮಾಳಿಗೆಯ ತೊಡಕೇ ಇಲ್ಲೀವರೆಗೂ ಬಂದಿದೆ.

ಥೆರಪಿ ಭಾಗದಲ್ಲಿ ಅದೇ ಪ್ರಯೋಗ ಮತ್ತೆ ಬಂತು, ಇನ್ನೊಂದು ಮುಖದಿಂದ. ರಿಕ್ ಡಾಬ್ಲಿನ್ ಅನ್ನೋರು ಆ ಹುಡುಗರನ್ನ ದಶಕಗಳಾದ್ಮೇಲೆ ಹುಡುಕ್ಕೊಂಡು ಹೋಗಿ ಮಾತಾಡಿಸಿ 1991ರಲ್ಲಿ ಪ್ರಕಟಿಸಿದ್ರು. ಸೈಲೋಸಿಬಿನ್ ತಗೊಂಡಿದ್ದವರು ಆ ದಿನವನ್ನ ಬದುಕಿನ ದೊಡ್ಡ ದಿನಗಳಲ್ಲಿ ಒಂದು ಅಂತ ಆಗಲೂ ಹೇಳಿದ್ರು. ಅದರ ಜೊತೆಗೆ ಇನ್ನೊಂದು ವಿಷಯನೂ ಹೊರಗೆ ಬಂತು, ಒಬ್ಬ ಹುಡುಗ ಆ ದಿನ ಮೇಲೆದ್ದು ಚಾಪೆಲಿಂದ ಹೊರಗೆ ರಸ್ತೆಗೆ ಹೋಗ್ಬಿಟ್ಟಿದ್ದ, ಅವನನ್ನ ಹಿಡ್ಕೊಂಡು ಬಂದು ಥೊರಾಜಿನ್ ಅನ್ನೋ ಶಾಂತಗೊಳಿಸೋ ಮದ್ದಿನ ಇಂಜೆಕ್ಷನ್ ಕೊಟ್ಟು ಸಮಾಧಾನ ಮಾಡ್ಬೇಕಾಗಿತ್ತು, ಪಾಂಕೆ ತಮ್ಮ ಥೀಸಿಸಲ್ಲಿ ಇದನ್ನ ಬರೆದೇ ಇರ್ಲಿಲ್ಲ. ಪಾಠ ಮಾಡಿದ ಮೇಡಂ ಇಲ್ಲಿ ಸ್ಲೈಡ್ ನಿಲ್ಲಿಸಿ, ಒಳ್ಳೇ ಸುದ್ದಿ ಹೊಮ್ಮಿಸೋ ಆತುರದಲ್ಲಿ ಕಷ್ಟಪಟ್ಟವನ ಕಥೆ ಬಿಟ್ಟುಹೋಗೋದು ಈ ಕ್ಷೇತ್ರಕ್ಕೆ ಹುಟ್ಟಿನಿಂದಲೇ ಇರೋ ಕಾಯಿಲೆ ಅಂತ ಹೇಳಿದ್ರು. ಹೇಳಿ ಸುಮ್ನಾಗ್ಲಿಲ್ಲ, ಕೆನಡಾದಲ್ಲಿ ಎಂಡಿಎಂಎ ಟ್ರಯಲ್ ಒಂದರಲ್ಲಿ ಥೆರಪಿಸ್ಟುಗಳು ರೋಗಿ ಜೊತೆ ಮಿತಿ ಮೀರಿ ನಡ್ಕೊಂಡ ರೀತಿ, ಆ ಕಾರಣಕ್ಕೆ 2024ರಲ್ಲಿ ಒಂದು ಜರ್ನಲ್ ಮೂರು ಪೇಪರ್ ವಾಪಸ್ ತಗೊಂಡಿದ್ದು, ಎಲ್ಲಾ ಬಿಡಿಸಿ ಹೇಳಿದ್ರು. ಮದ್ದಿನ ಪ್ರಭಾವದಲ್ಲಿರೋ ಮನುಷ್ಯ ಬೇಡ ಅನ್ನೋ ಸ್ಥಿತಿಯಲ್ಲೇ ಇರಲ್ಲ, ಹಾಗಾಗಿ ಕೈ ಹಿಡಿಯೋದೂ ಸೇರಿ ಯಾವ ಸ್ಪರ್ಶಕ್ಕೆ ಒಪ್ಪಿಗೆ ಅನ್ನೋದು ಮುಂಚೆನೇ, ತಿಳಿಯಾಗಿರೋವಾಗ್ಲೇ ಮಾತಾಡಿ ಬರೆದಿಟ್ಕೋಬೇಕು. ಥೆರಪಿ ಕೆಲಸ ಮಾಡೋರು ಈ ಒಂದು ಪಾಠಕ್ಕೆ ಕೋರ್ಸ್ ತಗೊಂಡ್ರೂ ಸಾರ್ಥಕ.

ಥೆರಪಿಯ ಉಳಿದ ಭಾಗವೂ ಚೆನ್ನಾಗಿದೆ. ಮಾತ್ರೆ ಕೊಟ್ಟು ಕಳಿಸೋದಲ್ಲ ಇದು, ಮುಂಚೆ ತಯಾರಿ ಸೆಶನ್‌ಗಳು, ಮಾತ್ರೆಯ ದಿನ ಆರೇಳು ಗಂಟೆ ಕಣ್ಣಿಗೆ ಪಟ್ಟಿ, ಕಿವಿಗೆ ಹೆಡ್‌ಫೋನು, ಮಂಚದ ಪಕ್ಕ ಸಾಮಾನ್ಯವಾಗಿ ಇಬ್ಬರು ಥೆರಪಿಸ್ಟು, ಆಮೇಲೆ ಕಂಡಿದ್ದನ್ನ ದಿನದ ಬದುಕಿಗೆ ಹೊಂದಿಸ್ಕೊಳ್ಳೋ ಮಾತುಕತೆಗಳು (ಇದಕ್ಕೇ ಇಂಟಿಗ್ರೇಶನ್ ಅಂತಾರೆ). ಯಾವ ಮನಸ್ಥಿತಿಯಲ್ಲಿ, ಯಾವ ಜಾಗದಲ್ಲಿ, ಯಾರ ಜೊತೆ ಅನ್ನೋದರ ಮೇಲೆ ಅರ್ಧ ಪರಿಣಾಮ ನಿಂತಿದೆ. ಅಂಕಿ ಅಂಶನ ಎರಡೂ ಕಡೆಯಿಂದ ತೋರಿಸ್ತಾರೆ. 2022ರ ಟ್ರಯಲಲ್ಲಿ 233 ಜನ, ಬೇರೆ ಮದ್ದುಗಳಿಗೆ ಬಗ್ಗದ ಡಿಪ್ರೆಶನ್, 25 ಮಿಲಿಗ್ರಾಂ ಸೈಲೋಸಿಬಿನ್ ಒಂದೇ ಡೋಸ್ ತಗೊಂಡವರಿಗೆ ಮೂರು ವಾರದಲ್ಲಿ ಡಿಪ್ರೆಶನ್ ಸ್ಕೋರ್ ಸರಾಸರಿ 12 ಅಂಕ ಇಳಿದಿತ್ತು, 1 ಮಿಲಿಗ್ರಾಂ ತಗೊಂಡವರಿಗೆ 5.4. ಚೆನ್ನಾಗಿದೆ. ಆದ್ರೆ 2021ರಲ್ಲಿ ಇಂಪೀರಿಯಲ್‌ನವರು 59 ಜನರ ಮೇಲೆ ಮಾಡಿದ್ದು, ಸೈಲೋಸಿಬಿನ್ ಒಂದು ಕಡೆ, ನಾವು ದಿನಾ ನೋಡೋ ಡಿಪ್ರೆಶನ್ ಮಾತ್ರೆ ಎಸ್ಸಿಟಾಲೋಪ್ರಾಮ್ ಇನ್ನೊಂದು ಕಡೆ, ಆರು ವಾರ ಆದ್ಮೇಲೆ ಅವರೇ ಮುಖ್ಯ ಅಂತ ಇಟ್ಕೊಂಡಿದ್ದ ಅಳತೆಯಲ್ಲಿ ಇಬ್ಬರ ನಡುವೆ ಹೇಳ್ಕೊಳ್ಳೋವಂಥ ವ್ಯತ್ಯಾಸ ಕಾಣ್ಲಿಲ್ಲ. 2025ರ ಜೂನಲ್ಲಿ ಬಂದ ಸೈಲೋಸಿಬಿನ್ನಿನ ಮೂರನೇ ಹಂತದ ದೊಡ್ಡ ಟ್ರಯಲಿನ ಮೊದಲ ಫಲಿತಾಂಶದಲ್ಲಿ ಪ್ಲಸೀಬೋ, ಅಂದ್ರೆ ಮದ್ದಿಲ್ಲದ ಹುಸಿ ಮಾತ್ರೆ ತಗೊಂಡವರಿಗಿಂತ ವ್ಯತ್ಯಾಸ 3.6 ಅಂಕ. ಪವಾಡನೂ ಅಲ್ಲ, ಬೂಟಾಟಿಕೆನೂ ಅಲ್ಲ, ಈ ಎರಡರ ನಡುವೆ ಎಲ್ಲೋ ನಿಂತ್ಕೊಂಡು ಕೆಲಸ ಮಾಡೋಕೆ ಬೇಕಾದ ಅಂಕಿಗಳು ಇಲ್ಲಿ ಸಿಕ್ವು.

ಅಪಾಯದ ವಿಷಯದಲ್ಲಿ ಇನ್ನೂ ಒಂದು ಲೆಕ್ಚರ್ ಕೊಡ್ಬಹುದಿತ್ತು. ಮನೆತನದಲ್ಲಿ ಸ್ಕಿಜೋಫ್ರೀನಿಯಾ, ಬೈಪೋಲಾರ್ ಇದ್ದವರನ್ನ ಟ್ರಯಲ್‌ಗಳಿಗೆ ಸಾಮಾನ್ಯವಾಗಿ ಸೇರಿಸ್ಕೊಳ್ಳಲ್ಲ, ಲಿಥಿಯಂ ತಗೋಳೋರು ಎಲ್‌ಎಸ್‌ಡಿ ಅಥವಾ ಅಣಬೆ ತಗೊಂಡು ಫಿಟ್ಸ್ ಬಂದಿರೋ ವರದಿಗಳಿವೆ, ಅಯಾಹುವಾಸ್ಕದಲ್ಲಿ ಇರೋ ಒಂದು ಬಳ್ಳಿ ಎಂಎಒ ಅನ್ನೋ ಕಿಣ್ವನ ತಡೆಯುತ್ತೆ, ಡಿಪ್ರೆಶನ್ ಮಾತ್ರೆ ಜೊತೆ ಅದು ಸೇರಿದ್ರೆ ಜೀವಕ್ಕೇ ಸಂಚಕಾರ. ಇಷ್ಟನ್ನ ಹೇಳ್ತಾರೆ, ಬೇಗ ಬೇಗ ಹೇಳಿ ಮುಂದಕ್ಕೆ ಹೋಗ್ತಾರೆ. ನಮ್ಮ ಕಡೆ ಜನ ಅಣಬೆಗೂ ದತ್ತೂರಿಗೂ ವ್ಯತ್ಯಾಸ ಮಾಡಲ್ಲ, "ಎಲ್ಲಾ ಗಿಡಮೂಲಿಕೆ ತಾನೇ" ಅಂತಾರೆ. ದತ್ತೂರಿ ಪೂರ್ತಿ ಬೇರೆ ದಾರಿ, ಅದು ನರಗಳ ಸಂದೇಶ ಸಾಗಿಸೋ ಅಸೆಟೈಲ್‌ಕೋಲಿನ್‌ಗೆ ಅಡ್ಡ ಹಾಕುತ್ತೆ, ಬಾಯಿ ಒಣಗುತ್ತೆ, ಕಣ್ಣು ಮಂಜಾಗುತ್ತೆ, ಪಕ್ಕದಲ್ಲಿ ಯಾರೂ ಇಲ್ದೆ ಇದ್ರೂ ಇದ್ದಾರೆ ಅಂತ ಮಾತಾಡ್ತಾರೆ, ಸಾಯೋದೂ ಉಂಟು. ಲೈವ್ ಸೆಶನಲ್ಲಿ ನಾನು ಇದನ್ನ ಕೇಳಿದ್ದಕ್ಕೆ ಮೇಡಂ ಇಪ್ಪತ್ತು ನಿಮಿಷ ತಗೊಂಡು ಬಿಡಿಸಿ ಹೇಳಿದ್ರು, ಆದ್ರೆ ರೆಕಾರ್ಡೆಡ್ ಪಾಠದಲ್ಲೇ ಇರ್ಬೇಕಿತ್ತು.

ಇನ್ನು ಸೈನ್ಸ್ ಭಾಗದ ಬಗ್ಗೆ. ಶುರುವಾಗೋದು ಬಾಸೆಲ್ ಊರಿನ ಸ್ಯಾಂಡೋಜ್ ಕಂಪನಿಯಲ್ಲಿ, ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎರ್ಗಾಟ್ ಅನ್ನೋ ಬೂಷ್ಟಿನ ರಾಸಾಯನಿಕದಿಂದ ಎಲ್‌ಎಸ್‌ಡಿ ಮಾಡಿ ಪಕ್ಕಕ್ಕಿಟ್ಟಿದ್ದು, 1943ರ ಏಪ್ರಿಲ್ 19ಕ್ಕೆ ತಾವೇ 250 ಮೈಕ್ರೋಗ್ರಾಂ ತಗೊಂಡು ಸೈಕಲಲ್ಲಿ ಮನೆಗೆ ಹೋಗಿದ್ದು, ಈ ಕಥೆ ಎಲ್ರಿಗೂ ಗೊತ್ತಿರುತ್ತೆ. ಡೋಸ್ ಎಷ್ಟು ಸಣ್ಣದು ಅಂದ್ರೆ, ನಾವು ಜ್ವರಕ್ಕೆ ನುಂಗೋ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಮಾತ್ರೆಯ ತೂಕದಷ್ಟು ಎಲ್‌ಎಸ್‌ಡಿ ಇದ್ರೆ ಹಾಫ್‌ಮನ್ ತಗೊಂಡಂಥ ಎರಡು ಸಾವಿರ ಡೋಸ್ ಆಗುತ್ತೆ. ಇಷ್ಟು ಸಣ್ಣ ಪ್ರಮಾಣ ಎಂಟು ಹತ್ತು ಗಂಟೆ ಹೇಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ 2017ರಲ್ಲಿ ಸಿಕ್ಕ ಉತ್ತರನ ಅನಿಮೇಶನಲ್ಲಿ ತೋರಿಸಿದ್ದು ಸೂಪರ್. ಮೆದುಳಿನ ಜೀವಕೋಶದಲ್ಲಿ ಸೆರೋಟೋನಿನ್ ಅನ್ನೋ ರಾಸಾಯನಿಕ ಬಂದು ಕೂರೋ ಗೂಡು, ಅಂದ್ರೆ ರಿಸೆಪ್ಟರ್, ಅಂಥದ್ದೊಂದರ ಒಳಗೆ ಎಲ್‌ಎಸ್‌ಡಿ ಕೂತಿರೋದನ್ನ ಹರಳು ಮಾಡಿ ನೋಡಿದ್ರೆ, ಅದು ಒಳಗೆ ಹೋಗಿ ಕೂತ ಮೇಲೆ ರಿಸೆಪ್ಟರಿನದೇ ಒಂದು ಭಾಗ ಮೇಲಿಂದ ಮುಚ್ಕೊಳುತ್ತೆ, ಎಲ್‌ಎಸ್‌ಡಿ ಸುಲಭಕ್ಕೆ ಹೊರಗೆ ಬರೋಕಾಗಲ್ಲ. ಮುಖ್ಯವಾದ ರಿಸೆಪ್ಟರು 5-ಎಚ್‌ಟಿ2ಎ, ಅದನ್ನ ಕೆಟಾನ್ಸೆರಿನ್ ಅನ್ನೋ ಮದ್ದಿಂದ ಮುಂಚೆನೇ ಮುಚ್ಚಿಟ್ರೆ ಸೈಲೋಸಿಬಿನ್ ಕೊಟ್ರೂ ಟ್ರಿಪ್ ಆಗಲ್ಲ ಅಂತ ಜ್ಯೂರಿಕ್‌ನವರು 1998ರಲ್ಲೇ ತೋರಿಸಿದ್ರು. ಸುಮ್ನೆ ಕೂತು ನಮ್ಮ ಬಗ್ಗೆನೇ ಯೋಚಿಸೋವಾಗ ಚುರುಕಾಗೋ ಮೆದುಳಿನ ಜಾಲ, ಅಂದ್ರೆ ಡೀಫಾಲ್ಟ್ ಮೋಡ್ ನೆಟ್‌ವರ್ಕ್ ಬಗ್ಗೆ ಮಾತ್ರ ಅತಿಯಾಯ್ತು, 2012ರ ಸ್ಕ್ಯಾನಿಂಗ್ ಸ್ಟಡಿಯಲ್ಲಿ ಅದರ ಚಟುವಟಿಕೆ ಕಮ್ಮಿ ಆಗಿದ್ದನ್ನ ತೋರಿಸಿ "ಅಹಂ ಕರಗೋದು ಇಲ್ಲೇ" ಅಂತ ಬೊಟ್ಟು ಮಾಡಿ ತೋರಿಸೋದು ನನಗೆ ಒಪ್ಪಿಗೆ ಆಗ್ಲಿಲ್ಲ, ಬಣ್ಣಬಣ್ಣದ ಮೆದುಳಿನ ಚಿತ್ರ ಹಾಕಿದ ತಕ್ಷಣ ವಿವರಣೆ ಸಿಕ್ಕಂಗಾಗಲ್ಲ.

ಫಿಲಾಸಫಿ ಭಾಗ ಬಂದಾಗ ನಾನು ನಿಜ ಹೇಳ್ಬೇಕಂದ್ರೆ ಕಾಯ್ತಿದ್ದೆ. ಅದೇ ಗುಡ್ ಫ್ರೈಡೆ ಹುಡುಗರು ಮತ್ತೆ ಬಂದ್ರು: ಅವರಿಗೆ ಏನೋ ಗೊತ್ತಾಯ್ತು ಅಂತಾರಲ್ಲ, ಗೊತ್ತಾಗಿದ್ದು ನಿಜಾನಾ? ಅನುಭಾವದ ಲಕ್ಷಣಗಳಲ್ಲಿ ಒಂದು "ಇದು ಬರೀ ಭಾವನೆ ಅಲ್ಲ, ಇದು ಅರಿವು" ಅನ್ನೋ ಖಚಿತತೆ ಅಂತ ಅಮೆರಿಕದ ಫಿಲಾಸಫರ್ ವಿಲಿಯಂ ಜೇಮ್ಸ್ 1902ರಲ್ಲೇ ಬರೆದಿದ್ರು. ಹಾಗಾದ್ರೆ ಸಾಯೋ ಹಂತದ ಕ್ಯಾನ್ಸರ್ ರೋಗಿಗೆ ಸೈಲೋಸಿಬಿನ್ ಕೊಟ್ಟು, ಅವರು "ಸಾವು ಅನ್ನೋದೇ ಇಲ್ಲ, ಎಲ್ಲಾ ಒಂದೇ" ಅಂತ ನೆಮ್ಮದಿಯಾದ್ರೆ, ಆ ಮಾತು ನಿಜ ಅಲ್ದೆ ಇದ್ರೆ, ನಾವು ಮಾಡಿದ್ದು ಚಿಕಿತ್ಸೆನೋ, ಸಮಾಧಾನಕ್ಕೆ ಹೇಳೋ ಸುಳ್ಳೋ? ಆಸ್ಟ್ರೇಲಿಯಾದ ಫಿಲಾಸಫರ್ ಕ್ರಿಸ್ ಲೆಥ್ಬಿ ಇದಕ್ಕೆ ಕೊಡೋ ಉತ್ತರ, ರೋಗಿಗೆ ಗುಣ ಆಗೋದು ವಿಶ್ವದ ಬಗ್ಗೆ ಹೊಸ ನಂಬಿಕೆ ಬಂದಿದ್ದಕ್ಕಲ್ಲ, ನಾನು ಅನ್ನೋದನ್ನ ಮನಸ್ಸು ಬಿಗಿಯಾಗಿ ಹಿಡ್ಕೊಂಡಿದ್ದು ಸಡಿಲ ಆಗಿದ್ದಕ್ಕೆ, ಅದಕ್ಕೆ ದೇವರು ಪರಲೋಕ ಏನೂ ಬೇಕಾಗಿಲ್ಲ ಅಂತ. ಈ ಉತ್ತರದ ಮೇಲೆ ನಡೆದ ಚರ್ಚೆ ಇಡೀ ಕೋರ್ಸಿನ ಅತ್ಯುತ್ತಮ ಗಂಟೆ. ನನ್ನ ಬ್ಯಾಚಲ್ಲಿದ್ದ ಒಬ್ಬ ಹಾಸ್ಪೈಸ್ ನರ್ಸ್, ಸಾಯ್ತಿರೋರ ಪಕ್ಕ ಕೂತು ವರ್ಷಗಟ್ಲೆ ಕೆಲಸ ಮಾಡಿರೋರು, ರೋಗಿ ಹೇಳಿದ್ದಕ್ಕೆ ಹೌದು ಅಂತಲೂ ಅನ್ನದೆ ಅಲ್ಲ ಅಂತಲೂ ಅನ್ನದೆ "ಅಲ್ಲಿ ಏನು ಕಂಡ್ರಿ ಹೇಳಿ" ಅಂತ ಕೇಳೋದನ್ನ ಹೇಗೆ ಅಭ್ಯಾಸ ಮಾಡ್ಕೊಂಡ್ರು ಅಂತ ವಿವರಿಸಿದ್ರು, ನಾನು ಅದನ್ನ ಪದಶಃ ಬರ್ಕೊಂಡಿದೀನಿ.

ಇಲ್ಲೇ ನನ್ನ ದೊಡ್ಡ ತಕರಾರೂ ಇರೋದು. ಫಿಲಾಸಫಿ ಅಂದ್ರೆ ಇವರಿಗೆ ಪಶ್ಚಿಮದವರೇ, ಜೇಮ್ಸ್, ಬರ್ಗ್‌ಸನ್, ವೈಟ್‌ಹೆಡ್. ಭಾರತ ಬರೋದು ಎರಡೇ ಕಡೆ, ಒಂದು ಸೋಮರಸ, ಇನ್ನೊಂದು ಹಾರ್ವರ್ಡಿಂದ 1963ರಲ್ಲಿ ಕೆಲಸ ಹೋಗಿದ್ದ ಸೈಕಾಲಜಿ ಮೇಷ್ಟ್ರು ರಿಚರ್ಡ್ ಆಲ್ಪರ್ಟ್ 1967ರಲ್ಲಿ ಇಲ್ಲಿಗೆ ಬಂದು ನೀಮ್ ಕರೋಲಿ ಬಾಬಾ ಶಿಷ್ಯ ಆಗಿ ರಾಮ್ ದಾಸ್ ಆಗಿದ್ದು. ಬಾಬಾಗೆ ಎಲ್‌ಎಸ್‌ಡಿ ಕೊಟ್ರೂ ಏನೂ ಆಗ್ಲಿಲ್ಲ ಅಂತ ರಾಮ್ ದಾಸ್ ಹೇಳ್ತಿದ್ದ ಕಥೆನ ತಮಾಷೆಯಾಗಿ ಹೇಳಿ ಮುಂದೆ ಹೋದ್ರು. ಅಲ್ಲ ಸ್ವಾಮಿ, ಪತಂಜಲಿಯ ಯೋಗಸೂತ್ರದ ನಾಲ್ಕನೇ ಪಾದ ಶುರುವಾಗೋದೇ ಈ ಪ್ರಶ್ನೆಯಿಂದ! ಸಿದ್ಧಿಗಳು ಹುಟ್ಟಿನಿಂದ, ಔಷಧಿಯಿಂದ, ಮಂತ್ರದಿಂದ, ತಪಸ್ಸಿನಿಂದ, ಸಮಾಧಿಯಿಂದ ಬರ್ತವೆ ಅಂತ ಮೊದಲನೇ ಸೂತ್ರ. ಔಷಧಿ ಅಂತ ಹೆಸರಿಟ್ಟು ಹೇಳ್ತಾನೆ. ವ್ಯಾಸಭಾಷ್ಯ ಅದನ್ನ ಅಸುರರ ಮನೆಗಳಲ್ಲಿನ ರಸಾಯನದಿಂದ ಅಂತ ಬಿಡಿಸುತ್ತೆ. ಮುಂದೆ ಆರನೇ ಸೂತ್ರ, ತತ್ರ ಧ್ಯಾನಜಮನಾಶಯಮ್, ಇವುಗಳಲ್ಲಿ ಧ್ಯಾನದಿಂದ ಆದ ಚಿತ್ತಕ್ಕೆ ಮಾತ್ರ ಹಳೇ ಸಂಸ್ಕಾರದ ಉಳಿಕೆ ಇರಲ್ಲ. ಅಂದ್ರೆ ಔಷಧಿಯಿಂದ ಆಗೋದು ಸುಳ್ಳು ಅಂತಲೂ ಹೇಳ್ಲಿಲ್ಲ, ಅದೇ ಸಾಕು ಅಂತಲೂ ಹೇಳ್ಲಿಲ್ಲ, ಅನುಭವ ಆಗಿದ್ದು ಒಂದು ವಿಷಯ, ಅದು ಮನುಷ್ಯನ ಹಳೇ ಜಾಡುಗಳನ್ನ ಅಳಿಸ್ತಾ ಅನ್ನೋದು ಇನ್ನೊಂದು ವಿಷಯ ಅಂತ ಬೇರೆ ಮಾಡಿ ಇಟ್ಟ. ಥೆರಪಿಯಲ್ಲಿ ಇಂಟಿಗ್ರೇಶನ್ ಅಂತ ನಾವು ಒದ್ದಾಡ್ತಿರೋದು ಇದೇ ಪ್ರಶ್ನೆ. ಒಂದು ಸಿಲಬಸ್‌ನಲ್ಲಿ ಇದಕ್ಕೆ ಅರ್ಧ ಗಂಟೆ ಜಾಗ ಇಲ್ಲ ಅಂದ್ರೆ ಬೇಜಾರಾಗುತ್ತೆ. ನಾನು ಅಸೈನ್‌ಮೆಂಟ್ ಇದರ ಮೇಲೇ ಬರೆದೆ, ಓದಿದ ಟ್ಯೂಟರ್ ಉದ್ದದ ಕಾಮೆಂಟ್ ಬರೆದು ಒಳ್ಳೇ ಪ್ರಶ್ನೆಗಳನ್ನೇ ಕೇಳಿದ್ರು, ಅದಕ್ಕೆ ಅವರಿಗೆ ಫುಲ್ ಮಾರ್ಕ್ಸ್.

ಸೋಮದ ಪಾಠದಲ್ಲಿ ಅಣಬೆಗಳ ಬಗ್ಗೆ ಸಂಶೋಧನೆ ಮಾಡ್ತಿದ್ದ ಗಾರ್ಡನ್ ವಾಸನ್ 1968ರಲ್ಲಿ ಸೋಮ ಅಂದ್ರೆ ಕೆಂಪು ಟೋಪಿಯ ಬಿಳಿ ಚುಕ್ಕೆ ಅಣಬೆ ಅಂತ ಮಂಡಿಸಿದ್ದನ್ನ ಹೇಳ್ತಾರೆ. ಆ ಅಣಬೆ ಸೈಲೋಸಿಬಿನ್ ಜಾತಿದಲ್ಲ, ಅದರಲ್ಲಿರೋ ಮಸ್ಸಿಮೋಲ್ ಬೇರೆ ಥರ ಕೆಲಸ ಮಾಡುತ್ತೆ ಅನ್ನೋದನ್ನೂ ಸರಿಯಾಗಿ ಹೇಳಿದ್ರು. ಆದ್ರೆ ಋಗ್ವೇದದ ಒಂಬತ್ತನೇ ಮಂಡಲದಲ್ಲಿ ಸೋಮನ ಕಲ್ಲಿನಲ್ಲಿ ಜಜ್ಜಿ, ಕುರಿ ಉಣ್ಣೆಯ ಜರಡಿಯಲ್ಲಿ ಸೋಸಿ, ಹಾಲಲ್ಲಿ ಬೆರೆಸೋ ವಿವರ ಇದೆಯಲ್ಲ, ಸೋಮ ಸಿಗ್ದೆ ಇದ್ದಾಗ ಪೂತೀಕ ಅನ್ನೋ ಬದಲಿ ಗಿಡ ಬಳಸ್ಬಹುದು ಅಂತ ಬ್ರಾಹ್ಮಣ ಗ್ರಂಥಗಳೇ ಹೇಳ್ತವಲ್ಲ, ಅದರ ಸುದ್ದಿನೇ ಇಲ್ಲ. ನಮ್ಮಲ್ಲಿ ಇವತ್ತಿಗೂ ಸೋಮಯಾಗ ನಡೆಯುತ್ತೆ, ಸೋಮಲತೆ ಅಂತ ಎಲೆ ಇಲ್ಲದ ಹಾಲುಬಳ್ಳಿ ಹಿಂಡ್ತಾರೆ, ಕುಡಿದವರಿಗೆ ಅಮಲೂ ಇಲ್ಲ ಏನೂ ಇಲ್ಲ, ಯಾಗ ಮಾತ್ರ ಪೂರ್ತಿ ಆಗುತ್ತೆ. ಮದ್ದು ಹೋದ್ಮೇಲೂ ವಿಧಿ ಉಳ್ಕೊಂಡಿದೆ ಅನ್ನೋದು ಕಲ್ಚರ್ ಓದೋರಿಗೆ ಎಷ್ಟು ದೊಡ್ಡ ವಿಷಯ ಅಲ್ವಾ.

ಕಲ್ಚರ್ ಭಾಗ ಅದರಾಚೆಗೆ ತುಂಬಾ ಗಟ್ಟಿ ಇದೆ, ಮುಖ್ಯವಾಗಿ ಮರಿಯಾ ಸಬೀನಾ ಪಾಠ. ಮೆಕ್ಸಿಕೋದ ಒಹಾಕ ಬೆಟ್ಟಗಳಲ್ಲಿ ಹುವಾಟ್ಲಾ ಅನ್ನೋ ಊರು, ಮಸಾಟೆಕ್ ಜನ, ಅಲ್ಲಿ ಮೈ ಹುಷಾರಿಲ್ಲದವರಿಗೋಸ್ಕರ ರಾತ್ರಿ ಕತ್ತಲಲ್ಲಿ ಅಣಬೆ ತಿಂದು ಹಾಡಿ ಕಾಯಿಲೆಯ ಕಾರಣ ನೋಡ್ತಿದ್ದ ಹೆಂಗಸು. ಇದೇ ವಾಸನ್, ನ್ಯೂಯಾರ್ಕಿನ ದೊಡ್ಡ ಬ್ಯಾಂಕಿನವರು, 1955ರ ಜೂನ್ ಕೊನೆಗೆ ಅಲ್ಲಿಗೆ ಹೋಗಿ ಮಗನ ಯೋಗಕ್ಷೇಮ ತಿಳೀಬೇಕಿತ್ತು ಅನ್ನೋ ನೆಪ ಹೇಳಿ ಆ ವಿಧಿಯಲ್ಲಿ ಕೂತ್ರು, 1957ರಲ್ಲಿ ಲೈಫ್ ಮ್ಯಾಗಜೀನಲ್ಲಿ ಬರೆದ್ರು, ಆಕೆ ಹೆಸರು ಬದಲಾಯಿಸಿದ್ರೂ ಪ್ರಯೋಜನ ಆಗ್ಲಿಲ್ಲ. ಆಮೇಲೆ ಊರಿಗೆ ಹಿಪ್ಪಿಗಳು, ಅವರ ಹಿಂದೆ ಪೊಲೀಸರು, ಊರವರ ಸಿಟ್ಟೆಲ್ಲಾ ಆಕೆ ಮೇಲೆ, ಆಕೆಯ ಮನೆ ಸುಟ್ಟುಹೋಯ್ತು. ಕೊನೆಗಾಲದಲ್ಲಿ ಆಕೆನೇ ಹೇಳಿದ್ದು ಹೊರಗಿನವರು ಬಂದ್ಮೇಲೆ ಅಣಬೆಗಳ ಶಕ್ತಿ ಹೋಯ್ತು ಅಂತ. 1985ರಲ್ಲಿ ತೀರ್ಕೊಂಡ್ರು. ಪಾಠದಲ್ಲಿ ಇದರ ಜೊತೆಗಿಟ್ಟಿದ್ದು 1962ರ ಒಂದು ರಾತ್ರಿ: ಅಣಬೆಯಿಂದ ಸೈಲೋಸಿಬಿನ್ ಬೇರ್ಪಡಿಸಿದ್ದ ಹಾಫ್‌ಮನ್ ತಾವೇ ಹುವಾಟ್ಲಾಕ್ಕೆ ಹೋಗಿ ಸ್ಯಾಂಡೋಜ್ ಮಾತ್ರೆಗಳನ್ನ ಆಕೆ ಕೈಗೆ ಕೊಟ್ರು, ಆಕೆ ಮಾತ್ರೆ ತಗೊಂಡೇ ವಿಧಿ ನಡೆಸಿ, ಇದರಲ್ಲೂ ಅದೇ ಶಕ್ತಿ ಇದೆ ಅಂದ್ರು. ಇಡೀ ರಾತ್ರಿಯ ಹಾಡು, ಕತ್ತಲು, ಕೂತಿರೋ ಜನ ಎಲ್ಲಾ ಆಕೆಯದೇ, ಮಾತ್ರೆ ಮಾತ್ರ ಬಾಸೆಲಿಂದ ಬಂದಿದ್ದು. ಪಾಠದವರು ಇಲ್ಲಿ ಕೇಳಿದ ಪ್ರಶ್ನೆ ಸರಿಯಾಗಿತ್ತು, ಇವತ್ತು ಕಂಪನಿಗಳು ಸೈಲೋಸಿಬಿನ್ನಿನ ಹರಳು ರೂಪಕ್ಕೆ ಪೇಟೆಂಟ್ ಮಾಡ್ಕೋತಿವೆ, ಹುವಾಟ್ಲಾದವರಿಗೆ ಏನು ಬಂತು? ನಾನು ಗ್ರೂಪಲ್ಲಿ ಅರಿಶಿನದ ಪೇಟೆಂಟ್ ಕೇಸ್ ಹಾಕಿದೆ, ಗಾಯಕ್ಕೆ ಅರಿಶಿನ ಅನ್ನೋದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದನ್ನ ನಮ್ಮ ಸರ್ಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ರದ್ದು ಮಾಡಿಸಿದ್ದು, ಮೆಕ್ಸಿಕೋದವರು ಒಬ್ರು ಅದನ್ನ ತುಂಬಾ ಕುತೂಹಲದಿಂದ ಕೇಳಿ ತಿಳ್ಕೊಂಡ್ರು.

ಗುಡ್ ಫ್ರೈಡೆ ಪ್ರಯೋಗ ನಾಲ್ಕನೇ ಸಲ ಬಂದಿದ್ದು ಇಲ್ಲಿ. ಹುಡುಗರಿಗೆ ಆಗಿದ್ದು ಅನುಭಾವನಾ ಅಲ್ವಾ ಅಂತ ಪಾಂಕೆ ಅಳೆದಿದ್ದು ಒಂದು ಪ್ರಶ್ನಾವಳಿಯಿಂದ. ಆ ಪ್ರಶ್ನಾವಳಿಯ ಲಕ್ಷಣಗಳನ್ನ ತಗೊಂಡಿದ್ದು ವಾಲ್ಟರ್ ಸ್ಟೇಸ್ ಅನ್ನೋ ಫಿಲಾಸಫರ್ ಹತ್ರದಿಂದ, ಸ್ಟೇಸ್ ಅವನ್ನ ಆರಿಸಿದ್ದು ಕ್ರಿಶ್ಚಿಯನ್ ಸಂತರ ಬರಹ, ಮಾಂಡೂಕ್ಯ ಉಪನಿಷತ್ತು ಇಂಥವನ್ನೆಲ್ಲಾ ಓದಿ ಎಲ್ಲಾ ಕಡೆ ಅನುಭಾವದ ತಿರುಳು ಒಂದೇ ಅಂತ ತೀರ್ಮಾನ ಮಾಡಿ. ಅದೇ ಪ್ರ‌ಶ್ನಾವಳಿ ತಿದ್ದಿ ತೀಡಿ ಜಾನ್ಸ್ ಹಾಪ್ಕಿನ್ಸ್‌ನ ರೋಲಂಡ್ ಗ್ರಿಫಿತ್ಸ್ 2006ರಲ್ಲಿ 36 ಜನರ ಮೇಲೆ ಮಾಡಿದ ಹೆಸರಾದ ಸ್ಟಡಿಗೆ ಬಂತು, ಇವತ್ತಿನ ಟ್ರಯಲ್‌ಗಳಲ್ಲೂ ಇದೆ. ಎಲ್ಲಾ ಒಂದೇ ಅನ್ನಿಸ್ತಾ ಅಂತ ಕೇಳ್ತಾರೆ. ಮರಿಯಾ ಸಬೀನಾ ಕೂಸಿನ ಜ್ವರಕ್ಕೆ ಕಾರಣ ಹುಡುಕೋಕೆ ಕೂರ್ತಿದ್ರು, ಎಲ್ಲಾ ಒಂದೇ ಅನ್ನಿಸೋಕಲ್ಲ, ಆ ಪ್ರಶ್ನಾವಳಿ ತುಂಬಿಸಿದ್ರೆ ಆಕೆಗೆ ಎಷ್ಟು ಮಾರ್ಕ್ಸ್ ಬರ್ತಿತ್ತು? ಇದನ್ನ ಕೇಳಿದ ದಿನ ನನಗೆ ಅನ್ನಿಸಿದ್ದು, ಸೈನ್ಸ್ ಮಾತ್ರ ಓದಿದ್ರೆ ಪ್ರಶ್ನಾವಳಿ ಎಲ್ಲಿಂದ ಬಂತು ಅಂತ ಕೇಳೋ ಹೊತ್ತೇ ಬರ್ತಿರ್ಲಿಲ್ಲ, ಕಲ್ಚರ್ ಮಾತ್ರ ಓದಿದ್ರೆ ಬ್ಲೈಂಡಿಂಗ್ ತೊಡಕು ಗೊತ್ತಾಗ್ತಿರ್ಲಿಲ್ಲ. ನಾಲ್ಕನ್ನೂ ಒಟ್ಟಿಗೆ ಓದಿಸೋ ಕೋರ್ಸ್ ಬೇಕು ಅಂತ ನಾನು ಹಠ ಹಿಡಿದು ಹೇಳೋದು ಇದಕ್ಕೇ.

ಈಗ ವ್ಯವಹಾರದ ಮಾತು. ಫೀಸ್ ಐದಂಕಿ, ಮೇಲೆ ಕಾರ್ಡಿನ ಫಾರೆಕ್ಸ್ ಚಾರ್ಜು. ಕೇಳಿದ್ರೆ ನಮ್ಮಂಥ ದೇಶದವರಿಗೆ ರಿಯಾಯಿತಿ ಕೊಡ್ತಾರೆ, ವೆಬ್‌ಸೈಟಲ್ಲಿ ಹಾಕಿರಲ್ಲ, ಮೇಲ್ ಮಾಡ್ಬೇಕು. ಲೈವ್ ಸೆಶನ್ ನಮ್ಮ ಟೈಮಲ್ಲಿ ರಾತ್ರಿ ಹತ್ತೂವರೆಗೆ ಶುರು, ಬೆಳಿಗ್ಗೆ ಡ್ಯೂಟಿ ಇರೋರಿಗೆ ಕಷ್ಟ, ರೆಕಾರ್ಡಿಂಗ್ ಹಾಕ್ತಾರೆ ಆದ್ರೆ ಚರ್ಚೆ ಭಾಗ ಕತ್ತರಿಸಿ ಹಾಕ್ತಾರೆ, ಅದೇ ತಾನೇ ಬೇಕಿದ್ದು. ಸಬ್‌ಟೈಟಲ್ ಮಷೀನಿಂದ ಮಾಡಿದ್ದು, ಹೆಸರುಗಳು ಬಂದಾಗ ಎಡವಟ್ಟು, ಹುವಾಟ್ಲಾ ಅನ್ನೋದು ಪ್ರತಿ ಸಲ ಬೇರೆ ಬೇರೆ ಥರ ಬರುತ್ತೆ. ಓದೋಕೆ ಕೊಡೋ ಪೇಪರುಗಳು ಜಾಸ್ತಿ, ಕೆಲಸದ ಜೊತೆ ಓದೋರು ಪ್ರತಿ ಭಾಗಕ್ಕೆ ಮುಖ್ಯ ಅಂತ ಗುರುತು ಹಾಕಿರೋದನ್ನ ಮಾತ್ರ ಓದಿದ್ರೂ ನಡೆಯುತ್ತೆ.

ಸರ್ಟಿಫಿಕೇಟ್ ಬಗ್ಗೆ ಯಾರೂ ತಪ್ಪು ತಿಳ್ಕೋಬೇಡಿ, ಇದರಿಂದ ಥೆರಪಿ ಮಾಡೋ ಅಧಿಕಾರ ಬರಲ್ಲ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ರಿಜಿಸ್ಟ್ರೇಶನ್‌ಗೂ ಇದಕ್ಕೂ ಸಂಬಂಧ ಇಲ್ಲ. ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ ಅನುಮತಿ ಪಡೆದ ಸೈಕಿಯಾಟ್ರಿಸ್ಟುಗಳು ಪಿಟಿಎಸ್‌ಡಿಗೆ ಎಂಡಿಎಂಎ, ಬಗ್ಗದ ಡಿಪ್ರೆಶನ್‌ಗೆ ಸೈಲೋಸಿಬಿನ್ ಬರ್ಕೊಡ್ಬಹುದು, ಅಮೆರಿಕದ ಆರೆಗಾನ್ ರಾಜ್ಯದಲ್ಲಿ 2023ರಿಂದ ಲೈಸೆನ್ಸ್ ಇರೋ ಸೆಂಟರುಗಳಿವೆ. ನಮ್ಮಲ್ಲಿ ಮಾದಕ ವಸ್ತು ತಡೆಯೋ 1985ರ ಎನ್‌ಡಿಪಿಎಸ್ ಕಾಯ್ದೆ, ಎಲ್‌ಎಸ್‌ಡಿ 0.1 ಗ್ರಾಂ ದಾಟಿದ್ರೆ ಕಮರ್ಷಿಯಲ್ ಪ್ರಮಾಣ, ಹತ್ತು ವರ್ಷದಿಂದ ಶಿಕ್ಷೆ ಶುರು. ರಿಟ್ರೀಟ್ ಅಂತ ಇಲ್ಲೇ ಗುಟ್ಟಾಗಿ ನಡೆಸ್ತೀವಿ ಅಂತ ಮೆಸೇಜ್ ಮಾಡೋರನ್ನ ದೂರ ಇಡಿ. ಮತ್ತೆ, ಲಕ್ಷ ಜನಕ್ಕೆ ಒಬ್ಬ ಸೈಕಿಯಾಟ್ರಿಸ್ಟೂ ಇಲ್ದೆ ಇರೋ ನಮ್ಮ ದೇಶದಲ್ಲಿ ಒಬ್ಬ ರೋಗಿ ಪಕ್ಕ ಇಬ್ಬರು ಥೆರಪಿಸ್ಟು ಇಡೀ ದಿನ ಕೂರೋ ಚಿಕಿತ್ಸೆ ಯಾರ ಕೈಗೆ ಎಟುಕುತ್ತೆ ಅನ್ನೋದನ್ನ ಕೋರ್ಸ್ ಒಂದು ಸ್ಲೈಡಲ್ಲಿ ಮುಗಿಸಿದ್ದು ನನಗೆ ಸರಿ ಕಾಣ್ಲಿಲ್ಲ, ನಮಗೆ ಅದೇ ಮೊದಲ ಪ್ರಶ್ನೆ.

ಐದಕ್ಕೆ ನಾಲ್ಕು ಸ್ಟಾರ್. ದುಡ್ಡು ಕಟ್ಟೋ ಮುಂಚೆ ಯಾವ ಕೋರ್ಸೇ ಆಗ್ಲಿ ಸಿಲಬಸ್ ಪಿಡಿಎಫ್ ತರಿಸ್ಕೊಂಡು ಎರಡು ನೋಡಿ: ಕೆಟ್ಟ ಅನುಭವಗಳಿಗೆ, ಥೆರಪಿಸ್ಟ್ ತಪ್ಪು ಮಾಡೋದಕ್ಕೆ ಬೇರೆಯಾಗಿ ಕ್ಲಾಸ್ ಇದೆಯಾ, ಮತ್ತೆ ಕಲ್ಚರ್ ಭಾಗನ ಆ ಜನರಲ್ಲೇ ಒಬ್ರು ಪಾಠ ಮಾಡ್ತಾರಾ, ಇಲ್ಲಾ ಅವರ ಬಗ್ಗೆ ಬೇರೆಯವರೇ ಮಾತಾಡ್ತಾರಾ. ಎರಡೂ ಇಲ್ದೆ ಬರೀ ಮೆದುಳಿನ ಚಿತ್ರ, ವಾಸಿಯಾದವರ ಕಥೆ ಇದ್ರೆ ಆ ದುಡ್ಡು ಉಳಿಸ್ಕೊಳಿ.